ಪೂರ್ವಕ್ಕೆ ತಿರುಗಿದ ಗಾಳಿ

"ಇನ್ನೊಂದ್ಸಲ ಹಾಕಿ ಮೇಡಂ," ಎಂದಳು ಶಿಷ್ಯೆ.

ದಫೇದಾರರು ನನ್ನ ಮುಖ ನೋಡಿದರು. ಬೆಳಗಿನಿಂದ ಅದನ್ನೇ ಹಾಕಿ ಹಾಕಿ ಅವರ ಹೆಬ್ಬೆರಳು ಸವೆದಿತ್ತು. ನಾನು ಆಗಲಿ ಎಂದು ತಲೆಯಾಡಿಸಿದೆ. ಮೇಜಿನ ಮೇಲಿದ್ದ ಶಿಷ್ಯೆಯ ಫೋನಿನ ಧ್ವನಿಸಂದೇಶದಲ್ಲಿ ಮೊದಲು ಬರೀ ಗಾಳಿಯ ಸದ್ದು ಬಂತು. ಆಮೇಲೆ ಸತ್ತ ಮನುಷ್ಯ ಏದುಸಿರು ಬಿಡುತ್ತಾ ಮಾತಾಡಿದ.

"ಮಗೂ, ಫೋನ್ ಎತ್ತಬಾರ್ದೇನಮ್ಮಾ? ಕಂಬದ ಮೇಲಿದ್ದೀನಿ. ತೋಳು ನೋಡ್ದೆ. ಅಯ್ಯೋ, ಇಷ್ಟು ವರ್ಷ ನಾವು ಯಾರೂ..."

ಅಲ್ಲಿಗೆ ಗಾಳಿ ಮಾತನ್ನು ನುಂಗಿತು. ಕೆಳಗೆಲ್ಲಿಂದಲೋ ಇನ್ನೊಂದು ದನಿ ಕೂಗಿತು. ಗಂಡೋ ಹೆಣ್ಣೋ ಹೇಳಲಾಗದಷ್ಟು ಹರಿದುಹೋದ ದನಿ. "ಗಾಳಿ ಪೂರ್ವಕ್ಕೆ ತಿರುಗ್ತು! ಇಳೀರಿ ಮೇಷ್ಟ್ರೇ!"

ಆ ಮೇಷ್ಟ್ರು ಇಳಿಯಲಿಲ್ಲ, ಬಿದ್ದರು. ಗುಡ್ಡದ ಮೇಲಿನ ಗಾಳಿ ಅಳೆಯುವ ಕಂಬದ ಬುಡದಲ್ಲಿ ಅವರ ಹೆಣ ಸಿಕ್ಕಿದ ಮೇಲೆ ಈ ಹುಡುಗಿಯನ್ನು ಹಿಡಿದು ತಂದವಳು ನಾನೇ.

ಅವರು ಪಾಠ ಹೇಳುವ ಮೇಷ್ಟ್ರಲ್ಲ. ದೇಶಕ್ಕೆ ಮುಂದೆ ಕರೆಂಟು ಎಲ್ಲಿಂದ ಬರಬೇಕೆಂದು ಲೆಕ್ಕ ಹಾಕುವ ಯೋಜನಾ ಭವನದಲ್ಲಿ ಗಾಳಿ ವಿಭಾಗದ ಮುಖ್ಯಸ್ಥರು. ಯಾವ ಬಯಲಿನಲ್ಲಿ, ಯಾವ ಗುಡ್ಡದಲ್ಲಿ ಎಷ್ಟು ಗಾಳಿ ಇದೆ, ಎಲ್ಲಿ ಗಾಳಿಯಂತ್ರ ನೆಟ್ಟರೆ ಎಷ್ಟು ಮನೆಗೆ ದೀಪ ಉರಿಯುತ್ತದೆ ಎಂದು ಹೇಳುವುದು ಅವರ ಕೆಲಸ. ಇಡೀ ಭವನ ಅವರನ್ನು ಗಾಳಿ ಮೇಷ್ಟ್ರು ಎನ್ನುತ್ತಿತ್ತು. ಶಿಷ್ಯೆ ಅವರ ಕೈಕೆಳಗಿನ ಇಂಜಿನಿಯರು.

ಅವಳ ವಿರುದ್ಧ ಇದ್ದದ್ದು ಇಷ್ಟು. ಕಂಬದ ಸುತ್ತಲಿನ ಬೇಲಿಯ ಗೇಟಿಗೆ ಎರಡೇ ಕೀಲಿ, ಒಂದು ಮೇಷ್ಟ್ರ ಜೇಬಿನಲ್ಲಿ, ಇನ್ನೊಂದು ಇವಳ ಬಳಿ. ಹಿಂದಿನ ದಿನ ಇಬ್ಬರೂ ಆಫೀಸಿನಲ್ಲಿ ಎಲ್ಲರ ಎದುರು ಜಗಳವಾಡಿದ್ದರು. ಮೇಷ್ಟ್ರು ಸತ್ತ ದಿನ ಮಧ್ಯಾಹ್ನ ಇವಳು ಫೋನನ್ನು ಆಫೀಸಿನ ಡ್ರಾಯರಿನಲ್ಲೇ ಬಿಟ್ಟು ಎಲ್ಲಿಗೋ ಹೋಗಿದ್ದಳು. ಸುಮ್ಮನೆ ಕೆರೆಯ ಸುತ್ತ ನಡೆದೆ ಎನ್ನುತ್ತಾಳೆ, ನೋಡಿದವರಿಲ್ಲ. ಕೆಳಗಿನಿಂದ ಕೂಗಿದ ದನಿ ಇವಳದ್ದೇ, ಅಲ್ಲಿದ್ದೂ ಮುಚ್ಚಿಡುತ್ತಿದ್ದಾಳೆಂದರೆ ಬೀಳಿಸಿದ್ದೂ ಇವಳೇ ಎಂದು ನಮ್ಮ ಸಾಹೇಬರು ತೀರ್ಮಾನ ಮಾಡಿ ಆಗಿತ್ತು. ಮಧ್ಯಾಹ್ನ ಕೋರ್ಟಿಗೆ ಹಾಜರುಪಡಿಸಬೇಕು. ಒಮ್ಮೆ ಜೈಲಿನ ಬಾಗಿಲು ದಾಟಿದರೆ ಇವಳ ಪಾಲಿಗೆ ಕೆಲಸವೂ ಇಲ್ಲ, ಮಾನವೂ ಇಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ.

"ಇದು ಗಾಳಿಯವರ ಮಾತಲ್ಲ ಮೇಡಂ," ಎಂದಳು ಶಿಷ್ಯೆ, ನಿಧಾನವಾಗಿ.

"ಅಂದ್ರೆ?"

"ಗಾಳಿ ಎಲ್ಲಿಂದ ಬರುತ್ತೋ ನಾವು ಆ ದಿಕ್ಕಿನ ಹೆಸರು ಹೇಳ್ತೀವಿ. ಪೂರ್ವದಿಂದ ಬಂದ್ರೆ ಪೂರ್ವದ ಗಾಳಿ. ಆ ಗುಡ್ಡದಲ್ಲಿ ವರ್ಷವಿಡೀ ಪೂರ್ವದ ಗಾಳೀನೇ ಬೀಸೋದು. ಅವತ್ತು ಮಧ್ಯಾಹ್ನ ಮಾತ್ರ ಇದ್ದಕ್ಕಿದ್ದ ಹಾಗೆ ಪಶ್ಚಿಮದಿಂದ ಬೀಸಿದೆ. ಕಂಬದ ಯಂತ್ರ ಹಾಗೇ ತೋರಿಸ್ತಿದೆ, ನೀವೇ ನೋಡಿದ್ರಲ್ಲ. ನಾನು ಅಲ್ಲಿದ್ದಿದ್ರೆ ಏನಂತ ಕೂಗ್ತಿದ್ದೆ? ಪಶ್ಚಿಮಕ್ಕೆ ತಿರುಗ್ತು ಅಂತ. ಈ ದನಿ ಪೂರ್ವಕ್ಕೆ ಅಂತಿದೆ. ಗಾಳಿ ಹೋಗೋ ಕಡೆ ಹೆಸರು ಹೇಳ್ತಿದೆ."

"ಮಾಮೂಲಿ ಜನ ಹಾಗೇ ಅಂತಾರೆ ಬಿಡಮ್ಮ," ಎಂದರು ದಫೇದಾರರು.

"ಮಾಮೂಲಿ ಜನ ಗಾಳಿ ಜೋರಾಯ್ತು ಅಂತಾರೆ ಸಾರ್. ದಿಕ್ಕು ಹೇಳಲ್ಲ. ಬಾಯಿಗೆ ತಟ್ಟನೆ ದಿಕ್ಕು ಬರೋದು ಇಬ್ಬರಿಗೇ. ಒಂದು ಗಾಳಿಯವರಿಗೆ, ಇನ್ನೊಂದು ನೀರಿನವರಿಗೆ. ನೀರು ಹೋಗೋ ಕಡೆ ಹೆಸರು ಹೇಳೋದು ಅವರ ರೂಢಿ."

"ನೀರಿನವರು ಅಂದ್ರೆ? ನಮ್ಮನೆ ನಲ್ಲಿ ರಿಪೇರಿಯವನೂ ಸೇರ್ತಾನಾ?"

ಹುಡುಗಿ ನಗಲಿಲ್ಲ. ನನಗೂ ನಗು ಬರಲಿಲ್ಲ. ಹಾಗೆ ದಿಕ್ಕು ಹೇಳುವವರೊಬ್ಬರು ನನಗೆ ಗೊತ್ತಿದ್ದರು.

"ತೋಳು ನೋಡ್ದೆ ಅಂತಾರಲ್ಲ, ಅದೇನು?" ಎಂದು ಕೇಳಿದೆ. ತಿಳಿಯಲೆಂದಷ್ಟೇ ಕೇಳಿದ್ದಲ್ಲ. ಇನ್ನೂ ಒಂದು ಗಳಿಗೆ ಆ ಕೋಣೆಯಲ್ಲಿ ಕೂರುವ ನೆಪ ಬೇಕಾಗಿತ್ತು.

"ಗಾಳಿ ಅಳೆಯೋಕೆ ಕಂಬದಿಂದ ಒಂದು ತೋಳು ಚಾಚಿರುತ್ತೆ. ಅದರ ತುದೀಲಿ ಬಟ್ಟಲುಗಳು ಗಿರಗಿರ ಸುತ್ತುತ್ವೆ. ಗಾಳಿ ಪೂರ್ವದಿಂದ ಬರೋ ಕಡೆ ತೋಳನ್ನ ಪಶ್ಚಿಮಕ್ಕೆ ಕಟ್ಟಿದ್ರೆ ಬಟ್ಟಲು ಕಂಬದ ಮರೆಗೆ ಬೀಳುತ್ತೆ. ಕೊಡೆ ಹಿಡ್ಕೊಂಡು ಮಳೆ ಅಳೆದ ಹಾಗೆ. ಗಾಳಿ ಕಾಲು ಭಾಗ ಕಮ್ಮಿ ಅಂತ ತೋರಿಸಿದ್ರೂ ಸಾಕು, ಕರೆಂಟಿನ ಲೆಕ್ಕ ಅರ್ಧಕ್ಕಿಂತ ಕೆಳಗಿಳಿಯುತ್ತೆ." ಅವಳು ಮೂಗು ಒರೆಸಿಕೊಂಡಳು. "ಮೇಷ್ಟ್ರಿಗೆ ಅನುಮಾನ ಬಂದಿತ್ತು. ಅದಕ್ಕೇ ಜಗಳ ಆಗಿದ್ದು. ಯಂತ್ರ ಸುಳ್ಳು ಹೇಳಲ್ಲ, ನಿಮಗೆ ಅರಳುಮರಳು ಅಂದ್ಬಿಟ್ಟೆ. ನಾನೂ ಎಷ್ಟೋ ಸಲ ಆ ಗುಡ್ಡಕ್ಕೆ ಹೋಗಿದ್ದೀನಿ ಮೇಡಂ. ಬುಡದಲ್ಲಿರೋ ಪೆಟ್ಟಿಗೆ ನೋಡ್ಕೊಂಡು ಬಂದ್ಬಿಡ್ತಿದ್ದೆ. ಒಂದು ದಿನ ತಲೆ ಎತ್ತಿ ನೋಡಿದ್ರೆ ಅವರು ಹತ್ತಬೇಕಾಗಿರ್ಲಿಲ್ಲ."

"ತೋಳು ಕಟ್ಟಿಸಿದ್ದು ಯಾರು?"

"ಮೊದಲ ಸಮೀಕ್ಷೆಯವರು. ನಾನಾಗ ಇಸ್ಕೂಲಲ್ಲಿದ್ದೆ."

ನಾನು ಟೋಪಿ ಎತ್ತಿಕೊಂಡು ಹೊರಟೆ. ದಫೇದಾರರು ಹಿಂದೆಯೇ ಬಂದರು. "ಎಲ್ಲಿಗೆ ಮೇಡಂ? ಜೀಪು ತೆಗೀಲಾ?"

"ಬೇಡ. ಅಕ್ಕನ ಮನೆಗೆ ಹೋಗಿ ಬರ್ತೀನಿ."

"ಈಗಲಾ?" ಎಂದರು ಅವರು. ಊಟದ ಹೊತ್ತಿಗೆ ಅಕ್ಕನ ಮನೆ ನೆನಪಾಗುವ ಇನ್ಸ್‌ಪೆಕ್ಟರನ್ನು ಅವರು ಇದೇ ಮೊದಲು ನೋಡಿದ್ದಿರಬೇಕು.

ದಾರಿಯುದ್ದಕ್ಕೂ ಒಂದೇ ಚಿತ್ರ ಕಣ್ಣೆದುರು ಬರುತ್ತಿತ್ತು. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ನಾನು ಅಕ್ಕನ ಸೆರಗು ಹಿಡಿದು ಅವಳ ಗಂಡನ ಮನೆ ಸೇರಿದವಳು. ಭಾವ ನನ್ನನ್ನು ಕಾಲುವೆಯ ದಂಡೆಗೆ ಕರೆದೊಯ್ದು ಕಾಗದದ ದೋಣಿ ಬಿಡಿಸುತ್ತಿದ್ದರು. ದೋಣಿ ಹೋಗೋ ಕಡೆ ಹೆಸರು ಹೇಳಬೇಕು ಪುಟ್ಟಿ, ಬಂದ ಕಡೆ ಅಲ್ಲ, ಬಂದದ್ದು ಕಳೆದುಹೋಯ್ತು ಎನ್ನುತ್ತಿದ್ದರು. ಭಾವ ನದಿಯ ಇಂಜಿನಿಯರು. ಅವರಿಗೆ ನೀರಿಗೂ ಗಾಳಿಗೂ ಹೊಗೆಗೂ ಒಂದೇ ನಿಯಮ. ಊದುಬತ್ತಿಯ ಹೊಗೆ ನೋಡಿಯೂ ಉತ್ತರ ಎನ್ನುವವರು. ಗುಡ್ಡದ ಮೊದಲ ಗಾಳಿ ಸಮೀಕ್ಷೆಗೆ ಅವರೇ ಮುಖ್ಯಸ್ಥರಾಗಿದ್ದರು.

ನನ್ನ ಶಾಲೆಯ ಶುಲ್ಕದಿಂದ ಈ ಖಾಕಿಯವರೆಗೆ ಎಲ್ಲವೂ ಆ ಮನುಷ್ಯನ ಬೆನ್ನ ಮೇಲೆ ಬಂದದ್ದು. ಆ ಬೆನ್ನಿಗೆ ಕೈ ಹಾಕಲು ಹೊರಟಿದ್ದೆ. ಇಂಥ ದಿನ ಬರುತ್ತದೆಂದು ಗೊತ್ತಿದ್ದರೆ ಟೈಪಿಂಗ್ ಕಲಿತು ಎಲ್ಲಾದರೂ ಗುಮಾಸ್ತೆಯಾಗಿ ಇದ್ದುಬಿಡುತ್ತಿದ್ದೆ.

ಬಾಗಿಲು ತೆರೆದದ್ದು ಅಕ್ಕ. ಮುಂಗೈವರೆಗೂ ಸೋಪಿನ ನೊರೆ.

"ಏನೇ ಇದು, ಹೇಳದೆ ಕೇಳದೆ? ಮುಖ ಯಾಕೆ ಹಾಗಿದೆ? ಊಟ ಮಾಡಿಲ್ಲ ತಾನೇ?"

"ಭಾವ ಇದ್ದಾರಾ?"

"ಇನ್ನೆಲ್ಲಿಗೆ ಹೋಗ್ತಾರೆ ಆ ಮಂಡಿ ಇಟ್ಕೊಂಡು? ಒಳಗಿದ್ದಾರೆ. ನೀನು ಕೂತಿರು, ಬಟ್ಟೆ ಹರವಿ ಬರ್ತೀನಿ." ಅವಳು ಬಕೆಟ್ಟು ಎತ್ತಿಕೊಂಡು ಹಿತ್ತಲಿಗೆ ಹೋದಳು. ಮೇಷ್ಟ್ರು ಸತ್ತ ಸುದ್ದಿ ಬಂದಾಗಿನಿಂದ ಅಕ್ಕ ಮೂರು ಹೊತ್ತೂ ಏನಾದರೊಂದು ಒಗೆಯುತ್ತಿರುತ್ತಾಳೆ ಎಂದು ಭಾವ ಫೋನಿನಲ್ಲಿ ಹೇಳಿದ್ದರು. ನಾನು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಬಾಗಿಲ ಪಕ್ಕದ ಮೊಳೆಯಲ್ಲಿ ಕಾರಿನ ಕೀಲಿ ತೂಗುತ್ತಿತ್ತು. ಅದೇ ಬಳೆಯಲ್ಲಿ ಉದ್ದ ಕತ್ತಿನ ಒಂದು ಹಿತ್ತಾಳೆ ಕೀಲಿ. ಶಿಷ್ಯೆಯಿಂದ ನಾನು ವಶಪಡಿಸಿಕೊಂಡ ಕೀಲಿಯೂ ಹೀಗೇ ಇತ್ತು, ಹಲ್ಲಿಗೆ ಹಲ್ಲು ಸರಿಯಾಗಿ. ಎರಡೇ ಕೀಲಿ ಎಂದು ಯೋಜನಾ ಭವನದವರು ಹೇಳಿದ್ದನ್ನು ನಾನು ನಂಬಿದ್ದೆ. ಮೊದಲ ಮುಖ್ಯಸ್ಥ ತನ್ನ ಕೀಲಿ ಹಿಂತಿರುಗಿಸಿದನೇ ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಭಾವ ಕಿಟಕಿಯ ಪಕ್ಕ ಆರಾಮಕುರ್ಚಿಯಲ್ಲಿದ್ದರು. ಮಂಡಿಯ ಮೇಲೆ ಬಿಸಿನೀರಿನ ಚೀಲ, ಕುರ್ಚಿಯ ಕೈಗೆ ಒರಗಿಸಿದ ಕೋಲು. ಮೆಟ್ಟಿಲು ಹತ್ತಲಾಗದೆ ಹಾಸಿಗೆಯನ್ನು ಮಹಡಿಯಿಂದ ಇದೇ ಕೋಣೆಗೆ ಇಳಿಸಿ ವರ್ಷವಾಗಿತ್ತು.

"ಬಾರಮ್ಮ, ಕೋಳಿಕಳ್ಳರ ಯಮ. ಯಾರನ್ನ ಹಿಡಿಯೋಕೆ ಬಂದೆ?"

ಬಂದಾಗಲೆಲ್ಲ ಆಡುವ ತಮಾಷೆ ಅದು. ನಾನು ಎಂದಿನಂತೆ ನಿಮ್ಮನ್ನೇ ಎನ್ನಬೇಕಿತ್ತು. ಬದಲಿಗೆ ಕಿಟಕಿಯ ಹತ್ತಿರ ಹೋದೆ.

ಕಿಟಕಿಯ ಪರದೆ ಒಳಮುಖವಾಗಿ ಉಬ್ಬಿತ್ತು. ಅದು ಬೆಳಗಿನ ಬಿಸಿಲು ಬೀಳುವ ಕಿಟಕಿ. ನಾನು ಪರದೆಯ ಅಂಚು ಹಿಡಿದು, ಏನೂ ಇಲ್ಲದವಳಂತೆ ಕೇಳಿದೆ. "ಭಾವ, ಈ ಗಾಳಿ ಯಾವ ದಿಕ್ಕಿಂದು?"

"ಪಶ್ಚಿಮ," ಎಂದರು. ನೋಡಲೂ ಇಲ್ಲ.

ಆಮೇಲೆ ನೋಡಿದರು. ಪರದೆಯನ್ನು, ನನ್ನ ಕೈಯನ್ನು, ನನ್ನ ಮುಖವನ್ನು. ಬಿಸಿನೀರಿನ ಚೀಲವನ್ನು ಮಂಡಿಯಿಂದ ತೆಗೆದು ನೆಲಕ್ಕಿಟ್ಟರು.

"ಮೇಷ್ಟ್ರೂ ಇದನ್ನೇ ಕೇಳಿದ್ರು," ಎಂದರು. "ಹೀಗೇ, ಪರದೆ ಹಿಡ್ಕೊಂಡು. ನಾನು ಹೀಗೇ ಹೇಳ್ದೆ."

"ಯಾವಾಗ?"

"ಸಾಯೋಕೆ ಎರಡು ದಿನ ಮುಂಚೆ."

"ನನಗೆ ಯಾಕೆ ಹೇಳ್ಲಿಲ್ಲ ಭಾವ?"

"ನೀನು ಕೇಳ್ಲಿಲ್ಲ." ಅವರು ನಗಲು ನೋಡಿದರು, ಆಗಲಿಲ್ಲ. "ಸುಳ್ಳು. ಹೇಳೋಕೆ ನಾಚಿಕೆ ಆಯ್ತು."

ಹಿತ್ತಲಿನಲ್ಲಿ ಅಕ್ಕ ಬಟ್ಟೆ ಒದರುವ ಸದ್ದು ಕೇಳುತ್ತಿತ್ತು. ನಾನು ಎದುರಿಗೆ ಸ್ಟೂಲು ಎಳೆದು ಕೂತೆ. ಬೂಟು ಬಿಚ್ಚದೆ ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲೆಂದು ಆಗ ನೆನಪಾಯಿತು.

"ಆಗ ಭವನದಲ್ಲಿ ಗಾಳಿ ಗೊತ್ತಿರೋರು ಒಬ್ಬರೂ ಇರ್ಲಿಲ್ಲ," ಎಂದರು ಭಾವ. "ಅಣೆಕಟ್ಟು ಕಟ್ಟೋರು ನಾವು. ಒಂದು ದಿನ ಮೇಲಿಂದ ಆರ್ಡರ್ ಬಂತು, ಇನ್ಮೇಲೆ ಗಾಳೀನೂ ನೀನೇ ನೋಡ್ಕೋ ಅಂತ. ನಿನ್ನೆ ನೀರಿನವನು, ಇವತ್ತು ಗಾಳಿಯವನು. ಬಿಟ್ಟಿ ಬಡ್ತಿ ಬಂತು ಅಂತ ನಾನೂ ಹಿಗ್ಗಿದೆ. ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಹಾಗೆ."

"ತೋಳು?"

"ಫಿಟ್ಟರ್ ಕಂಬದ ಮೇಲಿಂದ ಫೋನ್ ಮಾಡ್ದ. ಸಾರ್, ಇಲ್ಲಿ ಯಾವ ಗಾಳಿ, ತೋಳು ಅದರ ಮುಂದಕ್ಕೆ ಚಾಚ್ಬೇಕು ಅಂದ. ಪಶ್ಚಿಮ ಅಂದೆ. ನನ್ನ ಲೆಕ್ಕದಲ್ಲಿ ಅದು ಪಶ್ಚಿಮಕ್ಕೆ ಹೋಗೋ ಗಾಳಿ. ಅವನ ಲೆಕ್ಕದಲ್ಲಿ ಪಶ್ಚಿಮದಿಂದ ಬರೋದು. ಪಶ್ಚಿಮಕ್ಕೇ ಚಾಚಿ ಬಿಗಿದ, ಕಂಬದ ಮರೆಗೆ. ಅವನ ತಪ್ಪೇನಿದೆ? ಒಂದೇ ಒಂದು ಮಾತು ಪುಟ್ಟಿ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು."

"ಇಷ್ಟು ವರ್ಷ ಯಾರಿಗೂ ಗೊತ್ತಾಗ್ಲಿಲ್ವಾ?"

"ದಿಕ್ಕು ಸರಿಯಾಗೇ ಬರ್ತಿತ್ತಲ್ಲ, ಅದನ್ನ ಯಂತ್ರ ಹೇಳ್ತಿತ್ತು. ವೇಗ ಕಮ್ಮಿ ಇತ್ತು. ಗುಡ್ಡದಲ್ಲಿ ಗಾಳಿ ಇಲ್ಲ ಅಂತ ಬರೆದ್ವಿ. ತೋಳು ಯಾವ ಕಡೆ ಇದೆ ಅಂತ ಆಫೀಸಲ್ಲಿ ಕೂತೋರಿಗೆ ಕಾಣುತ್ತಾ?" ಅವರು ಕೋಲಿನ ಹಿಡಿಯನ್ನು ತಿರುವುತ್ತಾ ಕೂತರು. "ಗುಡ್ಡ ಬಿಟ್ಟು ಕಣಿವೆ ಹಿಡಿದ್ವಿ. ಅಣೆಕಟ್ಟು ಕಟ್ಟಿದ್ವಿ. ಕಣಿವೆ ಮುಳುಗ್ತು."

ಕಣಿವೆ ಎಂದರೆ ನಮ್ಮ ಮನೆಯಲ್ಲಿ ಒಂದೇ ಅರ್ಥ. ಅಕ್ಕ ಮದುವೆಯಾದಾಗಿನಿಂದ ಪಾಠ ಹೇಳಿದ ಶಾಲೆ ಅಲ್ಲಿತ್ತು. ನೀರು ಬಿಟ್ಟ ದಿನ ಅವಳು ದಂಡೆಯಲ್ಲಿ ನಿಂತು, ಕಿಟಕಿಗಳು ಮುಳುಗುವವರೆಗೆ ನೋಡಿ, ಮನೆಗೆ ಬಂದು ಅಡುಗೆ ಮಾಡಿದಳು. ಅವಳಿಗೆ ಮಕ್ಕಳಿಲ್ಲ. ಆಮೇಲೆ ಬೇರೆ ಯಾವ ಶಾಲೆಗೂ ಹೋಗಲಿಲ್ಲ.

"ಅವಳು ಎಷ್ಟು ಸಲ ಕೇಳಿದ್ಲು ಗೊತ್ತಾ?" ಎಂದರು ಭಾವ. "ಬೇರೆ ದಾರಿ ಇಲ್ವೇನ್ರೀ, ಗುಡ್ಡದ ಮೇಲೆ ಗಾಳಿಯಂತ್ರ ಹಾಕೋಕೆ ಆಗಲ್ವೇನ್ರೀ ಅಂತ. ಗುಡ್ಡದಲ್ಲಿ ಗಾಳಿ ಇಲ್ಲ ಕಣೇ ಅಂತ ನಾನೇ ಸಮಾಧಾನ ಮಾಡಿದ್ದು. ನಂಬಿದ್ಲು. ನಾನೂ ನಂಬಿದ್ದೆ."

"ಮೇಷ್ಟ್ರು ಏನು ಕೇಳೋಕೆ ಬಂದಿದ್ರು?"

"ಹೊಸ ಯೋಜನೇಲಿ ಅದೇ ನದಿಗೆ ಇನ್ನೊಂದು ಅಣೆಕಟ್ಟು ಸೇರಿಸಿದ್ದಾರೆ. ಕೆಳಗಿನ ಕಣಿವೆಗೆ. ಮತ್ತೆ ಅದೇ ಕಾರಣ, ಗುಡ್ಡದಲ್ಲಿ ಗಾಳಿ ಇಲ್ಲ. ಸಭೇಲಿ ಎದ್ದು ನಿಂತು ತಪ್ಪಾಯ್ತು ಅಂತ ನೀವೇ ಹೇಳಿ, ನಾನು ಹೇಳಿದ್ರೆ ಗಾಳಿಮಾತು ಅಂತಾರೆ ಅಂದ್ರು. ಒಳ್ಳೇ ಮನುಷ್ಯ. ಬೈಲಿಲ್ಲ. ನನ್ನ ಕೈ ಹಿಡ್ಕೊಂಡು ಕೂತಿದ್ರು."

"ನೀವೇನಂದ್ರಿ?"

"ಯೋಚಿಸ್ತೀನಿ ಅಂದೆ." ಅವರು ಕಣ್ಣು ಮುಚ್ಚಿದರು. "ಅವತ್ತೇ ಹೂಂ ಅಂದಿದ್ರೆ ಅವರು ಸಾಕ್ಷಿ ಹುಡುಕ್ಕೊಂಡು ಆ ವಯಸ್ಸಲ್ಲಿ ಕಂಬ ಹತ್ತಬೇಕಾಗಿತ್ತಾ?"

ಬೆಳಗಿನಿಂದ ಇದು ಎರಡನೇ ಬಾರಿ. ಶಿಷ್ಯೆ ತನ್ನಿಂದ ಎನ್ನುತ್ತಾಳೆ, ಭಾವ ತನ್ನಿಂದ ಎನ್ನುತ್ತಾರೆ. ಸತ್ತವರನ್ನು ಕೇಳಿದರೆ ಅವರೂ ತಮ್ಮದೇ ತಪ್ಪು ಎನ್ನುತ್ತಿದ್ದರೇನೋ, ಅಂಥವರು.

"ಅಕ್ಕನಿಗೆ ಇದೆಲ್ಲ ಗೊತ್ತಾ?"

ಭಾವ ಬಾಗಿಲ ಕಡೆ ನೋಡಿದರು. "ಮೇಷ್ಟ್ರಿಗೆ ಕಾಫಿ ತಂದ್ಲು. ಬಾಗಿಲ ಹತ್ರ ನಿಂತಿದ್ಲು. ಎಷ್ಟು ಕೇಳಿಸ್ಕೊಂಡ್ಲೋ ನಾನು ವಿಚಾರಿಸ್ಲಿಲ್ಲ. ಅವಳೂ ಹೇಳ್ಲಿಲ್ಲ. ಲೋಟ ಮಾತ್ರ ಮೇಜಿನ ಮೇಲಿಡದೆ ವಾಪಸ್ ತಗೊಂಡು ಹೋದ್ಲು."

ಸಂದೇಶದ ನಕಲು ನನ್ನ ಫೋನಿನಲ್ಲೂ ಇತ್ತು, ತೆಗೆದೆ. ಆ ದನಿಯನ್ನು ಅವರಿಗೆ ಕೇಳಿಸಿದೆ. ಗಾಳಿ, ಏದುಸಿರು, ಮಗೂ ಎಂಬ ಕರೆ, ಕೊನೆಗೆ ಆ ಕೂಗು. ಕೇಳುತ್ತಾ ಕೇಳುತ್ತಾ ಭಾವ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಇನ್ನೊಮ್ಮೆ ಹಾಕು ಎನ್ನಲಿಲ್ಲ. ನಾವೆಲ್ಲ ಬೆಳಗಿನಿಂದ ಹಾಕಿ ಹಾಕಿ ಕೇಳಿದ್ದು ಅವರಿಗೆ ಒಂದೇ ಸಲಕ್ಕೆ ಸಾಕಾಯಿತು.

"ನಾನೇ," ಎಂದರು.

"ಏನು?"

"ಕೂಗಿದ್ದು ನಾನೇ. ಅವರ ಹಿಂದೆ ಗುಡ್ಡಕ್ಕೆ ಹೋಗಿದ್ದೆ. ಬರ್ಕೋ."

ಆ ಹುಡುಗಿ ಬದುಕಿಕೊಂಡಳು ಎಂಬ ಸಮಾಧಾನ ಮೊದಲು ಬಂತು, ನಿಜ ಹೇಳುತ್ತೇನೆ. ಆಮೇಲೆ ಹೊಟ್ಟೆಪಾಡಿನ ಬುದ್ಧಿ ಎಚ್ಚರವಾಯಿತು.

"ಹೇಗೆ ಹೋದ್ರಿ?"

"ಕಾರಲ್ಲಿ."

"ಓಡಿಸಿದ್ದು ಯಾರು? ನೀವು ಕ್ಲಚ್ ತುಳಿದು ವರ್ಷ ಆಯ್ತು."

"ನಾನೇ ಓಡಿಸ್ದೆ."

"ರಸ್ತೆ ಮುಗಿದ ಮೇಲೆ ಕಂಬದವರೆಗೆ ಬರೀ ಬಂಡೆ, ಕಡಿದಾದ ಏರು. ನಮ್ಮ ದಫೇದಾರರಿಗೇ ಮೂರು ಕಡೆ ಕೂರಬೇಕಾಯ್ತು. ಈ ಮನೆ ಮಹಡಿ ಹತ್ತಲಾಗದೋರು ಅಲ್ಲಿ ಹತ್ತಿದ್ರಾ?"

"ನಿಧಾನಕ್ಕೆ ಹತ್ತಿದೆ."

"ಭಾವ."

"ನಿಧಾನಕ್ಕೆ ಹತ್ತಿದೆ ಅಂದ್ನಲ್ಲ!" ಅವರು ಕೋಲನ್ನು ನೆಲಕ್ಕೆ ಬಡಿದರು. ನನ್ನ ಮೇಲೆ ದನಿ ಏರಿಸಿದ್ದು ನನಗೆ ನೆನಪಿರುವಂತೆ ಇದೇ ಮೊದಲು. "ಹುಡುಗೀನ ಮಧ್ಯಾಹ್ನ ಕೋರ್ಟಿಗೆ ಒಯ್ತೀರಿ ತಾನೇ? ಬಿಟ್ಬಿಡು ಅವಳನ್ನ. ನನ್ನನ್ನ ಕರ್ಕೊಂಡು ಹೋಗು. ಕೀಲಿ ನೋಡ್ಲಿಲ್ವಾ ಬಾಗಿಲ ಹತ್ರ? ಗೇಟಿನ ಕೀಲಿ. ಇನ್ನೇನು ಬೇಕು ನಿಂಗೆ?"

ಕೀಲಿ ನೋಡಿದ್ದೆ. ಅದು ಕಾರಿನ ಕೀಲಿಯ ಬಳೆಯಲ್ಲಿತ್ತು. ಈ ಮನೆಯಲ್ಲಿ ಈಗ ಕಾರು ಓಡಿಸುವವರು ಯಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಯೋಚನೆಯನ್ನು ಬಾಗಿಲ ಹೊರಗೇ ನಿಲ್ಲಿಸಿ ಒಳಗೆ ಬಂದಿದ್ದೆ. ಇದು ಪೊಲೀಸರು ಮಾಡುವ ಕೆಲಸವಲ್ಲ, ತಂಗಿ ಮಾಡುವ ಕೆಲಸ.

ಉಬ್ಬಿದ್ದ ಪರದೆ ಆಗ ಸಪ್ಪೆಯಾಗಿ ಇಳಿಯಿತು. ಗಳಿಗೆ ಹೊತ್ತು ಅಲ್ಲಾಡದೆ ನಿಂತು, ಆಮೇಲೆ ಮೆಲ್ಲನೆ ಕಿಟಕಿಯ ಸರಳುಗಳ ಕಡೆಗೆ, ಹೊರಮುಖವಾಗಿ ಸೆಳೆಯಿತು. ಇಬ್ಬರೂ ಅದನ್ನೇ ನೋಡಿದೆವು. ಏನು ಬರಲಿದೆಯೆಂದು ಭಾವನಿಗೆ ನನಗಿಂತ ಮೊದಲೇ ತಿಳಿಯಿತು. ಅದನ್ನು ತಡೆಯುವಂತೆ ಕೈ ಎತ್ತಿದರು.

ಹಿತ್ತಲಿನಿಂದ ಅಕ್ಕ ಗಂಟಲೆತ್ತಿ ಕೂಗಿದಳು.

"ಪುಟ್ಟೀ! ಗಾಳಿ ಪೂರ್ವಕ್ಕೆ ತಿರುಗ್ತು ಕಣೇ, ಬಟ್ಟೆ ಹಾರಿಹೋಗ್ತಿದೆ, ಬಾ ಹಿಡ್ಕೋ!"

ಬೆಳಗಿನಿಂದ ಎಷ್ಟು ಸಲ ಕೇಳಿದ್ದೆ ಆ ದನಿಯನ್ನು. ಅದೇ ಏರು, ತಿರುಗ್ತು ಎನ್ನುವಲ್ಲಿ ಅದೇ ಒತ್ತು. ನನಗೆ ಜೋಗುಳ ಹಾಡಿದ ದನಿ ಅದು.

ನಾನು ಏಳಲು ಹೋದೆ. ಭಾವ ನನ್ನ ಮುಂಗೈ ಹಿಡಿದುಕೊಂಡರು, ಕಾಲುವೆಯ ದಂಡೆಯಲ್ಲಿ ಜಾರದಂತೆ ಹಿಡಿಯುತ್ತಿದ್ದ ಹಾಗೆಯೇ.

"ಕೂಗಿದ್ದು ನಾನೇ ಅಂದ್ನಲ್ಲಮ್ಮಾ," ಎಂದರು, ಪಿಸುದನಿಯಲ್ಲಿ. "ಬರ್ಕೋ. ಅವಳು ಒಳಗೆ ಬರೋದ್ರೊಳಗೆ ಬರ್ಕೊಂಡ್ಬಿಡು."